ಬೆಟ್ಟದ ಬಿಸಿಲು, ಬೆಟ್ಟದ ನೆರಳು: ಯಿನ್-ಯಾಂಗ್ ಅನ್ನು ದಿನದ ಬದುಕಿಗೆ ತಂದುಕೊಳ್ಳುವ ಬಗೆ

ಮೈಸೂರಿನ ವಿದ್ಯಾರಣ್ಯಪುರದಲ್ಲಿ ಇಪ್ಪತ್ತೆರಡು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ಗೋಕುಲಂಗೆ ಯೋಗ ಕಲಿಯಲು ಬಂದಿದ್ದ ತೈವಾನಿನ ಹೆಣ್ಣುಮಗಳೊಬ್ಬಳು ಒಮ್ಮೆ ಕುರ್ತಾ ಹೊಲಿಸಲು ಬಂದಳು. ಕತ್ತಿನಲ್ಲಿ ಯಿನ್-ಯಾಂಗ್ ಚಿತ್ರವಿದ್ದ ಕಪ್ಪು-ಬಿಳುಪಿನ ದುಂಡನೆಯ ಪದಕ. ಕಪ್ಪು ಕೆಟ್ಟದ್ದು, ಬಿಳಿ ಒಳ್ಳೆಯದು, ಅಲ್ವಾ ಎಂದು ಕೇಳಿದೆ. ಅಲ್ಲ ಎಂದು ತಲೆಯಾಡಿಸಿದಳು. ನನ್ನ ಸೀಮೆಸುಣ್ಣ ತೆಗೆದುಕೊಂಡು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಒಂದು ಬೆಟ್ಟ ಬರೆದಳು. ಒಂದು ಮಗ್ಗುಲಿಗೆ ಗೆರೆ ತುಂಬಿದಳು. ಅದು ನೆರಳು, ಯಿನ್. ಇನ್ನೊಂದು ಮಗ್ಗುಲು ಬಿಸಿಲು, ಯಾಂಗ್. ಬೆಟ್ಟ ಮಾತ್ರ ಒಂದೇ.

ಚೀನಾದ ಹಳೆಯ ತತ್ವಚಿಂತನೆಯ ಆ ಎರಡು ಪದಗಳ ಮೂಲ ಅರ್ಥವೇ ಅದು. ಚೀನಾದಲ್ಲಿ ಬೆಟ್ಟದ ದಕ್ಷಿಣದ ಇಳಿಜಾರಿಗೆ ಬಿಸಿಲು ಜಾಸ್ತಿ, ಹಾಗಾಗಿ ಅದು ಯಾಂಗ್. ನದಿಯಾದರೆ ಉತ್ತರದ ದಡ ಯಾಂಗ್. ಲುವೋಯಾಂಗ್ ಎಂಬ ಹಳೆಯ ಊರಿಗೆ ಆ ಹೆಸರು ಬಂದದ್ದು ಲುವೋ ನದಿಯ ಉತ್ತರಕ್ಕೆ ಇರುವುದರಿಂದ. ಆಮೇಲೆ ರಾತ್ರಿ, ತಂಪು, ವಿಶ್ರಾಂತಿ, ಹೆಣ್ಣು ಯಿನ್ ಕಡೆಗೆ ಸೇರಿದವು. ಹಗಲು, ಬಿಸಿ, ಕೆಲಸ, ಗಂಡು ಯಾಂಗ್ ಕಡೆಗೆ. ಹೆಣ್ಣು ಎಂದರೆ ಬರೀ ಯಿನ್ ಎಂದುಕೊಳ್ಳಬೇಡಿ. ಎಲ್ಲರಲ್ಲೂ ಎರಡೂ ಇದೆ.

ಮೊದಲ ಅಭ್ಯಾಸ ಸುಮ್ನೆ ನೋಡುವುದು. ನಮ್ಮ ತಾರಸಿಯಿಂದ ಚಾಮುಂಡಿ ಬೆಟ್ಟ ಕಾಣುತ್ತದೆ. ಬೆಳಗ್ಗೆ ಸೂರ್ಯ ಅದರ ಹಿಂದಿನಿಂದ ಬರುವಾಗ ನಮ್ಮ ಕಡೆಯ ಮಗ್ಗುಲು ಕಪ್ಪಗಿರುತ್ತದೆ. ಸಂಜೆ ಐದರ ಹೊತ್ತಿಗೆ ಅದೇ ಮಗ್ಗುಲಿನ ಒಂದೊಂದು ಬಂಡೆಯೂ ಹೊಳೆಯುತ್ತದೆ. ಒಂದು ವಾರ ದಿನಕ್ಕೆರಡು ಸಲ ಹೀಗೆ ನೋಡಿ. ಬೆಟ್ಟ ಕಾಣದವರು ಮನೆ ಮುಂದಿನ ಹೊಂಗೆ ಮರವನ್ನೋ, ಎದುರು ಮನೆಯ ಗೋಡೆಯನ್ನೋ ನೋಡಬಹುದು. ಬಿಸಿಲು ಯಾವಾಗ ಸರಿಯಿತು ಎನ್ನುವುದು ಕಣ್ಣಿಗೆ ಸಿಗುವುದೇ ಇಲ್ಲ. ಅದನ್ನು ಹಿಡಿಯಲು ಪ್ರಯತ್ನಿಸಿ, ಅಷ್ಟೇ ಸಾಕು.

ಎರಡನೆಯದು ರಾತ್ರಿ ಮಲಗುವ ಮುಂಚೆ ಎರಡು ಸಾಲು ಬರೆಯುವುದು. ಇವತ್ತು ಯಾವಾಗ ಬಿಸಿಲಾಗಿದ್ದೆ, ಯಾವಾಗ ನೆರಳಾಗಿದ್ದೆ? ನಾನು ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತೇನೆ. ಒಂದು ಮದುವೆ ಸೀಸನ್ನಿನಲ್ಲಿ ಹದಿನೆಂಟು ದಿನ ನೆರಳಿನ ಸಾಲು ಖಾಲಿ ಇತ್ತು. ಹತ್ತೊಂಬತ್ತನೆಯ ದಿನ ಬಲಗೈ ಭುಜದ ಮೇಲಕ್ಕೆ ಏಳಲಿಲ್ಲ. ಆ ಖಾಲಿ ಸಾಲುಗಳನ್ನು ನಾನು ದಿನಾ ನೋಡಿದ್ದೆ, ಆದರೂ ಹೊಲಿಯುತ್ತಲೇ ಇದ್ದೆ.

ಎರಡನ್ನೂ ಸಮ ಸಮ ಮಾಡಬೇಕು ಎಂದು ಎಷ್ಟೋ ಜನ ತಿಳಿದಿದ್ದಾರೆ. ಅದು ಸರಿಯಲ್ಲ ಎಂದು ನನಗೆ ಹೇಳಿಕೊಟ್ಟದ್ದು ಹೊಲಿಗೆ ಮಿಷಿನ್. ಮೇಲಿನ ದಾರ ಸೂಜಿಯಲ್ಲಿ, ಕೆಳಗಿನ ದಾರ ಬಾಬಿನ್‌ನಲ್ಲಿ. ಎರಡೂ ಬಟ್ಟೆಯ ನಡುವೆ ಒಂದನ್ನೊಂದು ಹಿಡಿದುಕೊಳ್ಳಬೇಕು. ಮೇಲಿನ ದಾರದ ಟೆನ್ಷನ್, ಅಂದರೆ ಬಿಗಿ, ಜಾಸ್ತಿಯಾದರೆ ಬಾಬಿನ್ ದಾರ ಚುಕ್ಕೆ ಚುಕ್ಕೆಯಾಗಿ ಮೇಲೆ ಎದ್ದು ಬರುತ್ತದೆ. ಸಡಿಲವಾದರೆ ಬಟ್ಟೆಯ ಅಡಿಯಲ್ಲಿ ದಾರ ಗೋಜಲಾಗುತ್ತದೆ. ಸಿಲ್ಕಿಗೆ ಇಟ್ಟ ಟೆನ್ಷನ್ ದಪ್ಪ ಕಾಟನ್‌ಗೆ ಆಗುವುದಿಲ್ಲ. ಬಟ್ಟೆ ಬದಲಾದಾಗೆಲ್ಲ ಒಂದು ಚಿಂದಿಯ ಮೇಲೆ ಹೊಲಿದು ನೋಡಬೇಕು. ಮನಸ್ಸಿಗೂ ಹಾಗೇ ಮಾಡುತ್ತೇನೆ. ಸಿಟ್ಟು ಮೇಲೆ ಕಾಣಿಸಿದರೆ ಸಿಟ್ಟನ್ನು ಬೈಯುವುದಿಲ್ಲ. ಕಣ್ಣಿಗೆ ಕಾಣದ ಕೆಳಗಿನ ದಾರ ಹೇಗಿದೆ ಎಂದು ನೋಡುತ್ತೇನೆ. ನಿದ್ದೆ ಆಯಿತಾ? ಯಾರ ಹತ್ತಿರವಾದರೂ ಮನಸ್ಸು ಬಿಚ್ಚಿ ಮಾತಾಡಿ ಎಷ್ಟು ದಿನವಾಯಿತು? ಹೆಚ್ಚು ಸಲ ಕಾರಣ ಅಲ್ಲೇ ಸಿಗುತ್ತದೆ.

ಇನ್ನು ಆ ಪದಕದ ಚಿತ್ರದಲ್ಲಿರುವ ಚುಕ್ಕೆಗಳು. ಕಪ್ಪಿನೊಳಗೆ ಬಿಳಿ, ಬಿಳಿಯೊಳಗೆ ಕಪ್ಪು. ಡಿಸೆಂಬರ್ 21 ಅಥವಾ 22ರಂದು ರಾತ್ರಿ ಅತಿ ಉದ್ದ. ಚೀನಾದವರ ಲೆಕ್ಕದಲ್ಲಿ ಅಂದು ಯಿನ್ ತುದಿ ಮುಟ್ಟುತ್ತದೆ, ಯಾಂಗ್ ಹುಟ್ಟುವುದೂ ಅಂದೇ. ಕೆಲಸದ ಭರಾಟೆಯಲ್ಲಿ ನನ್ನ ಚುಕ್ಕೆ ಯಾವುದು ಗೊತ್ತಾ? ಸೂಜಿಗೆ ದಾರ ಪೋಣಿಸುವ ಗಳಿಗೆ. ದಾರದ ತುದಿ ಒದ್ದೆ ಮಾಡಿ ಕಣ್ಣು ಕಿರಿದು ಮಾಡಿದಾಗ ಉಸಿರು ತಾನಾಗಿ ನಿಲ್ಲುತ್ತದೆ. ಈಗ ಅವಸರ ಮಾಡದೆ, ದಾರ ದಾಟಿದ ಮೇಲೆ ಮೂರು ಉಸಿರು ಎಣಿಸಿ ಪೆಡಲ್ ತುಳಿಯುತ್ತೇನೆ. ನಿಮ್ಮ ಕೆಲಸದಲ್ಲೂ ಅಂಥದ್ದೊಂದು ಗಳಿಗೆ ಇದ್ದೇ ಇರುತ್ತದೆ. ಹಾಲು ಉಕ್ಕುವುದನ್ನು ಕಾಯುವಾಗ, ಬಸ್ಸು ಸಿಗ್ನಲ್‌ನಲ್ಲಿ ನಿಂತಾಗ. ಹುಡುಕಿಕೊಳ್ಳಿ.

ನಮ್ಮ ಅರ್ಧನಾರೀಶ್ವರನೂ ಇದೇ ಅಲ್ವಾ ಎಂದು ಕೇಳುತ್ತಾರೆ. ಹತ್ತಿರದ್ದು ನಿಜ, ಆದರೆ ಅವನು ನಾವು ಕೈಮುಗಿಯುವ ದೇವರು. ಯಿನ್-ಯಾಂಗ್ ದೇವರಲ್ಲ, ಲೋಕ ಹೊರಳುವ ರೀತಿ. ನಾನು ತಾಯಿ ಚಾಮುಂಡಿಗೆ ಕೈಮುಗಿಯುತ್ತೇನೆ, ಇದನ್ನೂ ಮಾಡುತ್ತೇನೆ. ಒಂದಕ್ಕೊಂದು ಅಡ್ಡ ಬಂದಿಲ್ಲ.

ಗೋಕುಲಂನ ಅಷ್ಟಾಂಗ ಯೋಗದವರು ಹುಣ್ಣಿಮೆ, ಅಮಾವಾಸ್ಯೆಗೆ ಅಭ್ಯಾಸ ಬಿಡುತ್ತಾರೆ ಎಂದು ಆ ಹುಡುಗಿ ಹೇಳಿದ್ದಳು. ಭುಜ ನೋವಾದ ಮೇಲೆ ನಾನೂ ಅಮಾವಾಸ್ಯೆಗೆ ಅಂಗಡಿ ಮುಚ್ಚಲು ಶುರು ಮಾಡಿದೆ. ಅವತ್ತು ಮಿಷಿನ್‌ಗೆ ಎಣ್ಣೆ ಬಿಟ್ಟು, ಬಾಬಿನ್ ಗೂಡಿನಲ್ಲಿ ಕೂತ ನೂಲಿನ ಧೂಳನ್ನು ಹಳೆಯ ಬ್ರಷ್‌ನಿಂದ ತೆಗೆದು, ಅದರ ಮೇಲೊಂದು ಸೀರೆಯ ತುಂಡು ಹೊದಿಸುತ್ತೇನೆ. ಮೊದಮೊದಲು ಗಿರಾಕಿಗಳು ಬಾಗಿಲು ಬಡಿಯುತ್ತಿದ್ದರು. ಈಗ ಹಿಂದಿನ ದಿನವೇ ಬಂದು ರವಿಕೆ ತೆಗೆದುಕೊಂಡು ಹೋಗುತ್ತಾರೆ.