ಕೊನೆ ಪರೀಕ್ಷೆಯ ದಿನ ಒಂದು ಟ್ಯಾಂಕರ್ ನೀರು

ಕೋಲಾರದ ಎಪಿಎಂಸಿಯಲ್ಲಿ ನನ್ನದು ಟೊಮೆಟೊ ಮಂಡಿ. ಅದರ ಜೊತೆಗೆ ಊರಿನ ಒಂದು ಸೇವಾ ಕ್ಲಬ್ಬಿನಲ್ಲಿ ಸದಸ್ಯ. ಕಣ್ಣಿನ ತಪಾಸಣೆ, ರಕ್ತದಾನ, ಸರ್ಕಾರಿ ಶಾಲೆಗೆ ಬೆಂಚು, ಹೀಗೆ ಎಲ್ಲ ಕ್ಲಬ್ಬುಗಳೂ ಮಾಡುವ ಕೆಲಸಗಳನ್ನೇ ನಾವೂ ಮಾಡುತ್ತೇವೆ. ನಾಲ್ಕು ವರ್ಷದಿಂದ ಇನ್ನೊಂದು ಕೆಲಸ ಸೇರಿಕೊಂಡಿದೆ. ಸೆಕೆಂಡ್ ಪಿಯುಸಿ ಮಕ್ಕಳು ಕೊನೆ ಪರೀಕ್ಷೆ ಬರೆದು ಹೊರಗೆ ಬಂದ ದಿನ ಅವರಿಗೊಂದು ಹಬ್ಬ ಮಾಡಿಕೊಡುವುದು, ಆಮೇಲೆ ಒಬ್ಬೊಬ್ಬರನ್ನೂ ಮನೆ ಮುಟ್ಟಿಸುವುದು. ಬೇರೆ ಊರಿನ ಕ್ಲಬ್ಬಿನವರು ಹೇಗೆ ಮಾಡ್ತೀರಿ ಎಂದು ಕೇಳುತ್ತಿರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶುರುವಾದದ್ದು ಒಂದು ಸಾವಿನಿಂದ. ನಮ್ಮ ಮಂಡಿಯಲ್ಲಿ ಬಾಕ್ಸ್ ಹೊರುವ ಹಮಾಲಿಯೊಬ್ಬರ ಮಗ. ಒಳ್ಳೆ ಹುಡುಗ. ರಜೆಯಲ್ಲಿ ಅಪ್ಪನ ಜೊತೆ ಬಂದು ಲೆಕ್ಕ ಬರೆದುಕೊಡುತ್ತಿದ್ದ. ಕೊನೆ ಪರೀಕ್ಷೆ ಮುಗಿದ ಮೇಲೆ ಗೆಳೆಯರ ಜೊತೆ ರಸ್ತೆಯಲ್ಲೇ ಬಣ್ಣ ಆಡಿದ. ತಲೆ ತುಂಬ ಬಣ್ಣ, ಅಂಗಿ ತುಂಬ ಸಹಿ. ಹಾಗೇ ಮನೆಗೆ ಹೋದರೆ ಬೈತಾರೆ ಅಂತ, ತೊಳೆದುಕೊಳ್ಳೋಣ ಎಂದು ಐದು ಜನ ಊರಾಚೆಯ ಒಂದು ಕೃಷಿ ಹೊಂಡಕ್ಕೆ ಹೋದರು. ನಾಲ್ಕು ಜನ ವಾಪಸ್ ಬಂದರು.

ಅವರು ಕುಡಿದಿರಲಿಲ್ಲ. ಗಾಡಿ ಓಡಿಸಿರಲಿಲ್ಲ. ಬಣ್ಣ ತೊಳೆಯಲು ನೀರು ಹುಡುಕಿಕೊಂಡು ಹೋದರು, ಅಷ್ಟೇ. ಕಾಲೇಜಿನವರು ಒಳಗೆ ಗಲಾಟೆ ಬೇಡ ಅಂತ ಮಕ್ಕಳನ್ನು ಕಳಿಸಿ ಗೇಟು ಹಾಕಿಕೊಂಡಿದ್ದರು. ಒಳಗೆ ನಲ್ಲಿ ಇತ್ತು. ಆ ನಲ್ಲಿ ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ.

ನಮ್ಮ ಕಡೆಯ ಹೊಂಡ ನೋಡದವರಿಗೆ ಒಂದು ಮಾತು ಹೇಳಬೇಕು. ಕೃಷಿ ಹೊಂಡದ ಆಳ ಸಾಮಾನ್ಯವಾಗಿ 3 ಮೀಟರ್. ನೀರು ಇಂಗದ ಹಾಗೆ ತಳಕ್ಕೂ ನಾಲ್ಕು ಇಳಿಜಾರಿಗೂ ದಪ್ಪ ಪ್ಲಾಸ್ಟಿಕ್ ಹಾಸಿರುತ್ತಾರೆ. ಒದ್ದೆಯಾದರೆ ಅದು ಪಾಚಿಗಿಂತ ಜಾಸ್ತಿ ಜಾರುತ್ತದೆ. ಒಳಗೆ ಇಳಿದವನು ಮೇಲೆ ಹತ್ತಲು ಹೋದರೆ ಕಾಲು ನಿಲ್ಲುವುದಿಲ್ಲ, ಕೈಗೆ ಹಿಡಿಯಲು ಏನೂ ಸಿಗುವುದಿಲ್ಲ. ಈಜು ಬಂದರೂ ಅಲ್ಲಿ ಸುಸ್ತಾಗಿ ಮುಳುಗುತ್ತಾರೆ. ನಮ್ಮ ಮಕ್ಕಳಿಗಂತೂ ಈಜೇ ಬರುವುದಿಲ್ಲ. ಎಲ್ಲಿ ಕಲಿಯಬೇಕಿತ್ತು ಹೇಳಿ? ಅವರು ಸಣ್ಣವರಿದ್ದಾಗ ಕೆರೆಗಳೆಲ್ಲ ಬತ್ತಿ ಜಾಲಿ ಬೆಳೆದಿತ್ತು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು, ಆಮೇಲೆ ಒಂದೊಂದೇ ಕೆರೆ ತುಂಬಿತು. ಅದು ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಮಾಡಿ ಅಂತರ್ಜಲಕ್ಕೆಂದು ಬಿಟ್ಟದ್ದು, ಮಕ್ಕಳು ಇಳಿದು ಆಡಲು ಅಲ್ಲ. ಆದರೆ ಬೇಸಿಗೆಯಲ್ಲಿ ತುಂಬಿದ ಕೆರೆ ಕಂಡರೆ ಹದಿನೆಂಟರ ಹುಡುಗರಿಗೆ ಅದೆಲ್ಲ ನೆನಪಿರುತ್ತಾ? 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಹೋಗಿದ್ದ ನಮ್ಮ ಮುಳಬಾಗಿಲು ತಾಲ್ಲೂಕಿನ ನಾಲ್ವರು ಹೆಣ್ಣುಮಕ್ಕಳು ಸಮುದ್ರದ ಪಾಲಾದರು. ನೀರಿಗಾಗಿ ಇಷ್ಟು ವರ್ಷ ಹೋರಾಡಿದ ಜಿಲ್ಲೆ ನಮ್ಮದು. ನೀರಿನ ಗುಣ ಎಂಥದು ಅಂತ ಮಕ್ಕಳಿಗೆ ಹೇಳಿಕೊಡಲು ಮರೆತಿದ್ದೇವೆ.

ಮೊದಲನೇ ವರ್ಷ ನಾವು ಮಾಡಿದ್ದು ಪೂರ್ತಿ ತಪ್ಪು. ಶಾಮಿಯಾನ, ವೇದಿಕೆ, ಮುಖ್ಯ ಅತಿಥಿ, ಶಾಲು, ಹಾರ. ರಸ್ತೆ ಸುರಕ್ಷತೆ ಮೇಲೊಂದು ಭಾಷಣ, ದುಶ್ಚಟದ ಮೇಲೊಂದು ಭಾಷಣ. ಅರ್ಧ ಗಂಟೆಗೆಲ್ಲ ಹಿಂದಿನ ಸಾಲುಗಳು ಖಾಲಿ. ವಂದನಾರ್ಪಣೆ ಹೊತ್ತಿಗೆ ಮುಂದಿನ ಎರಡು ಸಾಲು ಉಳಿದಿತ್ತು. ಉಳಿದವರೆಲ್ಲ ಮೂರು ಮೂರು ಜನ ಒಂದೊಂದು ಗಾಡಿ ಹತ್ತಿ ಅಂತರಗಂಗೆ ಬೆಟ್ಟದ ದಾರಿ ಹಿಡಿದಿದ್ದರು. ಅವತ್ತು ಏನೂ ಆಗಲಿಲ್ಲ. ದೇವರು ದೊಡ್ಡವನು.

ಮುಂದಿನ ಜನವರಿಯಲ್ಲಿ ಬೇರೆ ಬೇರೆ ಕಾಲೇಜಿನ ಎಂಟು ಮಕ್ಕಳನ್ನು ಕ್ಲಬ್ ಕೊಠಡಿಗೆ ಕರೆದೆವು. ಒಂದು ಗಂಟೆ ದೊಡ್ಡವರು ಯಾರೂ ಬಾಯಿ ತೆರೆಯಬಾರದು ಎಂದು ನಮಗೆ ನಾವೇ ಕಟ್ಟು ಹಾಕಿಕೊಂಡೆವು. ನಿಮಗೆ ಏನು ಬೇಕು ಎಂದಷ್ಟೇ ಕೇಳಿದೆವು. ಮೊದಲು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹುಡುಗಿ ಹೇಳಿದಳು: "ಅಂಕಲ್, ನಾಳೆಯಿಂದ ಎಲ್ಲರೂ ಬೇರೆ ಬೇರೆ ಆಗ್ತೀವಿ. ನಮಗೆ ಭಾಷಣ ಬೇಡ. ಸುಮ್ನೆ ಸ್ವಲ್ಪ ಹೊತ್ತು ಒಟ್ಟಿಗೆ ಇರೋಕೆ ಒಂದು ಜಾಗ ಕೊಡಿ."

ಇನ್ನೊಬ್ಬ ಹುಡುಗ ಹೇಳಿದ ಮಾತು ನಮ್ಮ ಯೋಚನೆಯನ್ನೇ ತಿರುಗಿಸಿತು. ಪರೀಕ್ಷೆ ಮುಗಿಯುವುದು ಮಧ್ಯಾಹ್ನ ಒಂದರ ಸುಮಾರಿಗೆ. ಅವನ ಊರಿಗೆ ಬಸ್ಸು ಐದೂವರೆಗೆ. ನಡುವಿನ ನಾಲ್ಕು ಗಂಟೆ ಏನು ಮಾಡಬೇಕು? ಜೇಬಲ್ಲಿ ದುಡ್ಡಿಲ್ಲ, ಕೂರಲು ನೆರಳಿಲ್ಲ, ಮೈಮೇಲೆ ಬಣ್ಣ. ಯಾವನೋ ಗೆಳೆಯ ಬೈಕು ತರುತ್ತಾನೆ, ಬಾರೋ ಅನ್ನುತ್ತಾನೆ. ಹೋಗುತ್ತಾರೆ. ಆ ನಾಲ್ಕು ಗಂಟೆಯನ್ನು ನಾವು ಇಟ್ಟುಕೊಂಡರೆ ಸಾಕು ಅನ್ನಿಸಿತು.

ನಮ್ಮ ಸದಸ್ಯರೊಬ್ಬರ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿಯೂ ಇಂಥದ್ದೇ ಇದೆ ಎಂದು ಅವಳಿಂದ ಗೊತ್ತಾಯಿತು. ಹೈಸ್ಕೂಲು ಮುಗಿಸಿದ ರಾತ್ರಿ ಊರಿನ ಜನ, ರೋಟರಿ ಲಯನ್ಸ್ ತರಹದ ಕ್ಲಬ್ಬುಗಳು, ಅಂಗಡಿಯವರು ಸೇರಿ ಮಕ್ಕಳಿಗೆ ಮದ್ಯವಿಲ್ಲದ ಸಂತೋಷಕೂಟ ಮಾಡಿಕೊಡುತ್ತಾರೆ, ಎಷ್ಟೋ ಕಡೆ ಬೆಳಗಿನ ತನಕ. ಪ್ರಾಜೆಕ್ಟ್ ಗ್ರ್ಯಾಜುಯೇಷನ್ ಎಂದು ಹೆಸರು. ಮೇನ್ ರಾಜ್ಯದ ಆಕ್ಸ್‌ಫರ್ಡ್ ಹಿಲ್ಸ್‌ನಲ್ಲಿ 1980ರಲ್ಲಿ ಶುರುವಾಯಿತಂತೆ, ಹಿಂದಿನ ವರ್ಷ ಮಕ್ಕಳನ್ನು ಕಳೆದುಕೊಂಡ ನೋವಿನಿಂದ. ಅಲ್ಲಿ ಕುಡಿತ ಮತ್ತು ಕಾರು, ಇಲ್ಲಿ ನೀರು ಮತ್ತು ಬೈಕು. ಅವರದನ್ನು ಹಾಗೇ ಎತ್ತಿಕೊಂಡರೆ ನಮಗೆ ಒಗ್ಗುವುದಿಲ್ಲ. ನಮ್ಮ ಹೆಣ್ಣುಮಕ್ಕಳನ್ನು ರಾತ್ರಿ ಯಾರು ಕಳಿಸುತ್ತಾರೆ? ನಮ್ಮ ಹಬ್ಬ ಮಧ್ಯಾಹ್ನ ಒಂದೂವರೆಗೆ ಶುರುವಾಗಿ ಐದಕ್ಕೆ ಮುಗಿಯುತ್ತದೆ.

ಎರಡನೇ ವರ್ಷದಿಂದ ಎಲ್ಲಕ್ಕಿಂತ ಮೊದಲು ಬುಕ್ ಮಾಡುವುದು ನೀರಿನ ಟ್ಯಾಂಕರ್. ಒಂದು ಸಾಲದು, ಎರಡು ಬೇಕು. ನಮ್ಮ ಪ್ಲಂಬರ್ ಉದ್ದ ಪಿವಿಸಿ ಪೈಪಿಗೆ ಹತ್ತು ನಲ್ಲಿ ಕೂರಿಸಿಕೊಟ್ಟಿದ್ದಾರೆ. ಅದನ್ನು ಟ್ಯಾಂಕರಿಗೆ ಜೋಡಿಸಿದರೆ ಹತ್ತು ಜನ ಒಟ್ಟಿಗೆ ತೊಳೆದುಕೊಳ್ಳಬಹುದು. ಹೆಣ್ಣುಮಕ್ಕಳಿಗೆ ಬೇರೆ ಕಡೆ ಬಟ್ಟೆ ಕಟ್ಟಿ ಮರೆ ಮಾಡುತ್ತೇವೆ. ಬಣ್ಣ ಆಡುವ ಮೊದಲೇ ಮುಖಕ್ಕೆ, ಕೈಗೆ, ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಸುತ್ತೇವೆ. ಆಮೇಲೆ ಸೋಪಿಗೆ ಸಲೀಸಾಗಿ ಬಿಡುತ್ತದೆ. ಬಣ್ಣವನ್ನೂ ನಾವೇ ಕೊಡುತ್ತೇವೆ. ಮಕ್ಕಳು ತರುವ ಸ್ಪ್ರೇ ಡಬ್ಬಿ ಒಳಗೆ ಬಿಡುವುದಿಲ್ಲ, ಕಣ್ಣಿಗೆ ಬಿದ್ದರೆ ಕಷ್ಟ.

ಅಂಗಿಯ ವಿಷಯ ಹೇಳಿದ್ದು ಮಕ್ಕಳೇ. ಯೂನಿಫಾರ್ಮ್ ಮೇಲೆ ಸಹಿ ಹಾಕಿಸಿಕೊಂಡರೆ ತಮ್ಮನಿಗೋ ತಂಗಿಗೋ ಅದು ಬರುವುದಿಲ್ಲ, ಮನೆಯಲ್ಲಿ ಅದಕ್ಕೇ ಜಗಳ. ಹಾಗಾಗಿ ಎಲ್ಲರಿಗೂ ಒಂದೊಂದು ಬಿಳಿ ಟೀ ಶರ್ಟ್ ಕೊಡುತ್ತೇವೆ. ಖರ್ಚಿನಲ್ಲಿ ದೊಡ್ಡ ಭಾಗ ಅದೇ. ಎದೆಯ ಮೇಲೆ ಕ್ಲಬ್ಬಿನ ಹೆಸರು ಹಾಕಿಸೋಣ ಎಂದು ಕೆಲವರು ಕೇಳಿದರು. ನಾನು ಒಪ್ಪಲಿಲ್ಲ. ಅದು ಅವರ ಗೆಳೆಯರ ಹೆಸರಿಗೆ ಇಟ್ಟ ಜಾಗ.

ಊಟ ಮೊದಲು, ಹಾಡು ಆಮೇಲೆ. ಇದನ್ನು ಪೆಟ್ಟು ತಿಂದು ಕಲಿತೆವು. ಎರಡನೇ ವರ್ಷ ಬಂದ ತಕ್ಷಣ ಡಿಜೆ ಹಾಕಿದೆವು. ಬೆಳಗ್ಗೆಯಿಂದ ಭಯದಲ್ಲಿ ಏನೂ ತಿನ್ನದ ಮಕ್ಕಳು, ಮಾರ್ಚ್ ಬಿಸಿಲು. ಮೂರು ಜನ ತಲೆ ಸುತ್ತಿ ಬಿದ್ದರು. ಈಗ ಗೇಟಿನಲ್ಲೇ ಮಜ್ಜಿಗೆ, ಆಮೇಲೆ ಬಿಸಿಬೇಳೆ ಬಾತು, ಅದು ಆದ ಮೇಲೆ ಹಾಡು. ನಾಲ್ಕು ಗಂಟೆಗೆ ಬಂಗಾರಪೇಟೆ ಪಾನಿಪುರಿ ಗಾಡಿ ಬರುತ್ತದೆ. ತಿಳಿ ನೀರಿನ ಆ ಪಾನಿಪುರಿಗಾಗಿ ಮಕ್ಕಳು ಕೊನೆ ತನಕ ಕಾಯುತ್ತಾರೆ. ಬೇಗ ಹೊರಟುಹೋಗುವವರನ್ನು ಹಿಡಿದಿಡಲು ನಮಗೆ ಸಿಕ್ಕ ಒಳ್ಳೆ ಉಪಾಯ ಅದು.

ದಿನಾಂಕದಲ್ಲೂ ಎಡವಿದ್ದೆವು. ಪಿಯು ಪರೀಕ್ಷೆ ಎಲ್ಲರಿಗೂ ಒಂದೇ ದಿನ ಮುಗಿಯುವುದಿಲ್ಲ, ತೆಗೆದುಕೊಂಡ ವಿಷಯದ ಮೇಲೆ ಹೋಗುತ್ತದೆ. ವೇಳಾಪಟ್ಟಿ ಬಂದ ಕೂಡಲೇ ಉಪನ್ಯಾಸಕರನ್ನು ಕೂರಿಸಿಕೊಂಡು ಯಾರಿಗೆ ಯಾವತ್ತು ಮುಗಿಯುತ್ತದೆ ಎಂದು ಬರೆದುಕೊಳ್ಳಿ. ನಾವು ಈಗ ಎರಡು ದಿನ ಮಾಡುತ್ತೇವೆ.

ಮನೆ ಮುಟ್ಟಿಸುವ ಕೆಲಸ ದೊಡ್ಡದು. ನನ್ನ ಮಂಡಿಯ ಗೂಡ್ಸ್ ಗಾಡಿಗಳಲ್ಲಿ ಕಳಿಸೋಣ ಎಂದುಕೊಂಡಿದ್ದೆ. ಅನುಮತಿ ಕೇಳಲು ಠಾಣೆಗೆ ಹೋದಾಗ ಅಧಿಕಾರಿಯೊಬ್ಬರು ತಡೆದರು. ಸರಕು ಗಾಡಿಯಲ್ಲಿ ಜನ ಕೂರಿಸುವುದು ಕಾನೂನಿಗೂ ವಿರುದ್ಧ, ಮಗುಚಿದರೆ ಒಬ್ಬರೂ ಉಳಿಯುವುದಿಲ್ಲ ಎಂದರು. ಅವರು ಹೇಳಿದ್ದು ಸರಿ. ಖಾಸಗಿ ಶಾಲೆಯೊಂದು ಮೂರು ಬಸ್ಸು, ಡ್ರೈವರ್ ಸಮೇತ ಕೊಟ್ಟಿತು. ಡೀಸೆಲ್ ನಮ್ಮದು. ಮಾಲೂರು ಕಡೆ, ಬಂಗಾರಪೇಟೆ ಕಡೆ, ಶ್ರೀನಿವಾಸಪುರ ಕಡೆ, ಹೀಗೆ ಮೂರು ದಾರಿ. ಪ್ರತಿ ಬಸ್ಸಿನಲ್ಲೂ ಇಬ್ಬರು ಸದಸ್ಯರು, ಕೈಯಲ್ಲಿ ಹೆಸರಿನ ಪಟ್ಟಿ.

ಬೈಕು ತಂದವರು ಗೇಟಿನಲ್ಲಿ ಕೀ ಕೊಟ್ಟು ಚೀಟಿ ತೆಗೆದುಕೊಳ್ಳಬೇಕು. ಹೋಗುವಾಗ ಲೈಸೆನ್ಸ್ ಮತ್ತು ಹೆಲ್ಮೆಟ್ ತೋರಿಸಿದರೆ ಕೀ. ಇಲ್ಲದಿದ್ದರೆ ಮನೆಯವರು ಬಂದು ಒಯ್ಯಬೇಕು. ಮೊದಲು ಕೆಲವು ಅಪ್ಪಂದಿರಿಗೆ ಕೋಪ ಬಂತು. 18 ತುಂಬದ ಮಗನಿಗೆ ಗಾಡಿ ಕೊಟ್ಟರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಹೆತ್ತವರಿಗೇ 25,000 ರೂಪಾಯಿ ದಂಡ, 3 ವರ್ಷದ ತನಕ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು, ಮಗನಿಗೆ 25 ವರ್ಷದ ತನಕ ಲೈಸೆನ್ಸ್ ಇಲ್ಲ. ಇದನ್ನು ಅಚ್ಚು ಹಾಕಿಸಿ ಆಹ್ವಾನ ಪತ್ರದ ಹಿಂದೆ ಹಾಕಿದೆವು. ಮುಂದಿನ ವರ್ಷ ಬೈಕುಗಳು ಅರ್ಧಕ್ಕಿಂತ ಕಡಿಮೆಯಾದವು.

ಹೆಣ್ಣುಮಕ್ಕಳು ಮೊದಲ ಸಲ ಬರಲೇ ಇಲ್ಲ. ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಇಲ್ಲ, ಬರುವುದು ಕಷ್ಟವಲ್ಲ. ಮನೆಯವರು ಬಿಡುವುದಿಲ್ಲ. ಹುಡುಗರ ಜೊತೆ ಕುಣಿಯೋದಾ, ಯಾರಾದರೂ ವಿಡಿಯೊ ಮಾಡಿದರೆ? ಅವರ ಭಯ ಸುಳ್ಳಲ್ಲ. ಹಾಗಾಗಿ ಅಮ್ಮಂದಿರನ್ನೇ ಕರೆದೆವು. ಊಟ ಬಡಿಸುವುದು, ಗೇಟು ನೋಡುವುದು, ಪಟ್ಟಿ ಬರೆಯುವುದು ಅವರೇ. ಕೇಳದೆ ಯಾರೂ ಯಾರದೂ ಫೋಟೊ ತೆಗೆಯಬಾರದು ಎಂದು ಮೈಕಿನಲ್ಲಿ ಹೇಳುತ್ತೇವೆ. ತೆಗೆದವನ ಫೋನು ಅಮ್ಮಂದಿರ ಮೇಜಿನ ಮೇಲೆ ಐದು ಗಂಟೆಯವರೆಗೆ ಇರುತ್ತದೆ. ಕಳೆದ ಸಲ ಬಂದವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ.

ಕುಡಿದು ಬಂದವರನ್ನು ಏನು ಮಾಡ್ತೀರಿ ಎಂದು ಎಲ್ಲರೂ ಕೇಳುತ್ತಾರೆ. ಮೂರನೇ ವರ್ಷ ಇಬ್ಬರು ಹಾಗೆ ಬಂದರು. ಗೇಟಿನಿಂದಲೇ ಓಡಿಸಿ ಎಂದು ಒಬ್ಬ ಸದಸ್ಯರು ಕೂಗಿದರು. ನಮ್ಮ ಡಾಕ್ಟರ್ ಸದಸ್ಯರು ಅವರಿಬ್ಬರನ್ನು ಒಳಗೆ ಕರೆದುಕೊಂಡರು. ಓಡಿಸಿದರೆ ಎಲ್ಲಿಗೆ ಹೋಗುತ್ತಾರೆ? ಬೈಕು ಹತ್ತುತ್ತಾರೆ, ಇಲ್ಲ ಕೆರೆಗೆ ಹೋಗುತ್ತಾರೆ. ಒಬ್ಬನನ್ನು ನೆರಳಲ್ಲಿ ಮಗ್ಗುಲಾಗಿ ಮಲಗಿಸಿದೆವು. ಅಂಗಾತ ಮಲಗಿಸಬಾರದು, ವಾಂತಿ ಬಂದರೆ ಉಸಿರು ಕಟ್ಟುತ್ತದೆ. ಬಲವಂತವಾಗಿ ವಾಂತಿ ಮಾಡಿಸಲೂಬಾರದು. ಪಕ್ಕದಲ್ಲಿ ಒಬ್ಬರು ಕೂತಿರಬೇಕು. ಕರೆದರೆ ಎಚ್ಚರವಾಗದಿದ್ದರೆ, ಉಸಿರು ನಿಧಾನವಾದರೆ ತಡ ಮಾಡದೆ 108. ಅವನ ಅಪ್ಪ ಬಂದಾಗ ಡಾಕ್ಟರ್ ಮೊದಲು ಅಪ್ಪನ ಜೊತೆ ಹತ್ತು ನಿಮಿಷ ಮಾತಾಡಿ, ಆಮೇಲೆ ಮಗನನ್ನು ಒಪ್ಪಿಸಿದರು. ಬೈದದ್ದು, ಬುದ್ಧಿ ಹೇಳಿದ್ದು ಏನಿದ್ದರೂ ಮಾರನೆ ದಿನ.

ಹಬ್ಬ ಒಂದು ಕಡೆಯಾದರೆ, ಮಂಡಿಯಿಂದ ನನ್ನ ಕೈಲಾದ ಇನ್ನೊಂದು ಕೆಲಸ ಹಗ್ಗ. ನಮ್ಮ ಮಂಡಿಗೆ ಟೊಮೆಟೊ ತರುವ ರೈತರಲ್ಲಿ ಎಷ್ಟೋ ಜನರ ಹೊಲದಲ್ಲಿ ಹೊಂಡ ಇದೆ. ಒಂದೊಂದು ಅಡಿಗೆ ಒಂದು ಗಂಟು ಹಾಕಿದ ದಪ್ಪ ನೈಲಾನ್ ಹಗ್ಗ, ಒಂದು ಹಳೇ ಟ್ಯೂಬು. ಮಾರಾಟದ ಲೆಕ್ಕದ ಪಟ್ಟಿ ಕೊಡುವಾಗ ಕೌಂಟರಿನಲ್ಲೇ ಇವನ್ನೂ ಕೊಡುತ್ತೇನೆ. ದಡದಲ್ಲಿ ಗೂಟ ಹೊಡೆದು ಹಗ್ಗವನ್ನು ನೀರಿನ ತನಕ ಇಳಿಬಿಡಿ, ನಾಲ್ಕೂ ಕಡೆ ಇದ್ದರೆ ಒಳ್ಳೆಯದು ಎನ್ನುತ್ತೇನೆ. ಯಾರಾದರೂ ಬಿದ್ದರೆ ನೀವು ಹಾರಬೇಡಿ, ಟ್ಯೂಬು ಎಸೆಯಿರಿ ಎಂದೂ ಹೇಳುತ್ತೇನೆ. ಬೇಲಿ ಹಾಕಿದರೆ ಇನ್ನೂ ಒಳ್ಳೆಯದು, ಆದರೆ ಬೇಲಿಗೆ ದುಡ್ಡು ಬೇಕು. ಹಗ್ಗಕ್ಕೆ ನೆಪ ಹೇಳಲು ಆಗುವುದಿಲ್ಲ. ಆ ಹುಡುಗನ ಅಪ್ಪನೇ ಬಿಡುವಾದಾಗ ಗೋಡೌನಿನಲ್ಲಿ ಕೂತು ಗಂಟು ಹಾಕಿಕೊಡುತ್ತಾರೆ. ನಾನು ಹೇಳಿದ್ದಲ್ಲ. ಒಂದು ದಿನ ಹಗ್ಗದ ಸುರುಳಿ ನೋಡಿ, "ಯಾಕಣ್ಣ ಇದು?" ಅಂದರು. ಹೇಳಿದೆ. ಏನೂ ಮಾತಾಡದೆ ಕೂತು ಶುರು ಮಾಡಿದರು.

ಹಬ್ಬದ ದಿನ ಅವರು ಮೈದಾನಕ್ಕೆ ಬರುವುದಿಲ್ಲ, ನಾವು ಕರೆಯುವುದೂ ಇಲ್ಲ. ಐದು ಗಂಟೆಗೆ ಬಸ್ಸುಗಳು ಹೊರಡುತ್ತವೆ. ಕೊನೆಯ ಮಗು ಇಳಿದ ಮೇಲೆ ಮೂವರು ಡ್ರೈವರ್‌ಗಳೂ ಫೋನ್ ಮಾಡಬೇಕು. ಆ ಮೂರು ಫೋನು ಬರುವ ತನಕ ನಾವು ಶಾಮಿಯಾನ ಬಿಚ್ಚುವುದಿಲ್ಲ. ಕಳೆದ ವರ್ಷ ಶ್ರೀನಿವಾಸಪುರ ಕಡೆಯ ಬಸ್ಸಿನದು ತಡವಾಯಿತು. ಏಳೂಕಾಲಿಗೆ ಬಂತು. "ಎಲ್ಲರೂ ಇಳಿದ್ರು ಸಾರ್. ಒಬ್ಬ ಮಲಗಿಬಿಟ್ಟಿದ್ದ, ಎಬ್ಬಿಸಿ ಮನೆ ಬಾಗಿಲಿಗೇ ಬಿಟ್ಟು ಬಂದೆ." ಅಷ್ಟು ಹೊತ್ತಿಗೆ ಮಂಡಿಯಿಂದ ಫೋನ್ ಮಾಡಿದ್ದ, ಹಗ್ಗಕ್ಕೆ ಗಂಟು ಹಾಕುವ ಆ ಅಪ್ಪನಿಗೆ ನಾನು ಇನ್ನೂ ಉತ್ತರ ಕೊಟ್ಟಿರಲಿಲ್ಲ. ವಾಪಸ್ ಮಾಡಿ ಹೇಳಿದೆ. "ಸರಿ ಅಣ್ಣ," ಎಂದು ಫೋನ್ ಇಟ್ಟರು.