ನಾಲ್ಕು ಹಳೇ ಮಿನಿ ಡೆಸ್ಕ್‌ಟಾಪ್‌ಗಳ ಕ್ಲಸ್ಟರ್: ಡೆಬಿಯನ್ ಆರಿಸಿದ್ದು ಯಾಕೆ

ಆಫೀಸುಗಳು ಕೈಬಿಟ್ಟ ಮಿನಿ ಡೆಸ್ಕ್‌ಟಾಪ್‌ಗಳು ಪುಣೆಯಲ್ಲಿ ಸೆಕೆಂಡ್ ಹ್ಯಾಂಡ್ ಬೇಕಾದಷ್ಟು ಸಿಗುತ್ತವೆ. ನನ್ನ ಕ್ಲಸ್ಟರ್, ಅಂದರೆ ಒಟ್ಟಾಗಿ ಕೆಲಸ ಮಾಡುವಂತೆ ಜೋಡಿಸಿದ ಕಂಪ್ಯೂಟರ್‌ಗಳ ಗುಂಪು, ಅಂಥ ನಾಲ್ಕರದ್ದು. ಮೂರರಲ್ಲಿ ಐ5-6500ಟಿ ಮತ್ತು 16 ಜಿಬಿ ರ‍್ಯಾಮ್, ಒಂದರಲ್ಲಿ ಅದಕ್ಕೂ ಹಳೆಯ ಐ5-3470ಟಿ ಮತ್ತು 8 ಜಿಬಿ. ನಡುವೆ 8 ಪೋರ್ಟಿನ ಗಿಗಾಬಿಟ್ ಸ್ವಿಚ್. ಕೆಲಸ ಹಂಚಲು ಸ್ಲರ್ಮ್, ನೋಡ್‌ಗಳು (ಕ್ಲಸ್ಟರ್‌ನ ಒಂದೊಂದು ಮೆಷೀನ್) ಮಾತಾಡಿಕೊಳ್ಳಲು ಓಪನ್ ಎಂಪಿಐ, ಎಲ್ಲಕ್ಕೂ ಒಂದೇ ಹೋಮ್ ಫೋಲ್ಡರ್ ಕಾಣಲು ಎನ್‌ಎಫ್‌ಎಸ್. ಇವು ಯಾವ ಲಿನಕ್ಸ್‌ನಲ್ಲಾದರೂ ನಡೆಯುತ್ತವೆ (ಡೆಬಿಯನ್, ರಾಕಿ, ಉಬುಂಟು ಎಲ್ಲ ಲಿನಕ್ಸ್‌ನ ಬಗೆಗಳೇ). ಹಾಗಾಗಿ ಓಎಸ್ ಆರಿಸುವಾಗ ನೋಡಬೇಕಾದ್ದು ಎರಡೇ: ಎಲ್ಲಕ್ಕಿಂತ ಹಳೆಯ ಮೆಷೀನಿನಲ್ಲಿ ಅದು ಬೂಟ್ ಆಗುತ್ತದೆಯೇ? ನಾಲ್ಕರಲ್ಲೂ ಒಂದೇ ವರ್ಷನ್ ಇಟ್ಟುಕೊಂಡು ವರ್ಷಗಟ್ಟಲೆ ನಡೆಸಬಹುದೇ?

ರಾಕಿ ಲಿನಕ್ಸ್ 10 ಮೊದಲ ಪ್ರಶ್ನೆಯಲ್ಲೇ ಬಿತ್ತು. ಅದಕ್ಕೆ ಎವಿಎಕ್ಸ್2 ಎಂಬ ಇನ್‌ಸ್ಟ್ರಕ್ಷನ್‌ಗಳ ಗುಂಪು ಇರುವ ಪ್ರೊಸೆಸರ್ ಬೇಕು, 3470ಟಿಯಲ್ಲಿ ಅದಿಲ್ಲ. ರಾಕಿ 9 ನಡೆಯುತ್ತದೆ, 2032ರ ಮೇವರೆಗೆ ಅಪ್‌ಡೇಟೂ ಇದೆ. ಆದರೆ ಸ್ಲರ್ಮ್‌ಗಾಗಿ ಹೊರಗಿನ ರೆಪೊ (ಸಾಫ್ಟ್‌ವೇರ್ ಭಂಡಾರ) ಸೇರಿಸಬೇಕು. ಡೆಬಿಯನ್ 12ರಲ್ಲಿ ಸ್ಲರ್ಮ್ 22.05, ಮಂಜ್ (ನೋಡ್‌ಗಳು ಪರಸ್ಪರ ಗುರುತು ಖಚಿತಪಡಿಸಿಕೊಳ್ಳುವ ಪ್ರೋಗ್ರಾಂ), ಓಪನ್ ಎಂಪಿಐ ಎಲ್ಲವೂ ಅದರದೇ ರೆಪೊದಲ್ಲಿವೆ, 2028ರ ಜೂನ್‌ವರೆಗೆ ಎಲ್‌ಟಿಎಸ್ (ದೀರ್ಘಾವಧಿ ಅಪ್‌ಡೇಟ್) ಇದೆ. ಅದನ್ನೇ ಹಾಕಿದೆ.

ಒಂದರಲ್ಲಿ ಉಬುಂಟು, ಇನ್ನೊಂದರಲ್ಲಿ ಡೆಬಿಯನ್ ಮಾತ್ರ ಬೇಡ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ. ಉಬುಂಟು 24.04ರಲ್ಲಿರುವುದು ಸ್ಲರ್ಮ್ 23.11. ಹೆಡ್ ನೋಡ್‌ನಲ್ಲಿ (ಕೆಲಸ ಹಂಚುವ ಮೆಷೀನ್) ಹಳೆಯದು, ಕೆಲಸದ ನೋಡ್‌ನಲ್ಲಿ ಹೊಸದು ಇದ್ದರೆ ಆ ಕೆಲಸದ ನೋಡ್ ರಿಜಿಸ್ಟರೇ ಆಗುವುದಿಲ್ಲ. ಓಎಸ್ ಒಂದೇ ಆದರೂ ಇನ್ನೊಂದು ಎಚ್ಚರಿಕೆ ಬೇಕು: 6500ಟಿ ಮೇಲೆ -march=native (ಇದೇ ಪ್ರೊಸೆಸರಿಗೆ ತಕ್ಕಂತೆ ಎಂಬ ಆಪ್ಷನ್) ಕೊಟ್ಟು ಕಂಪೈಲ್ ಮಾಡಿದ ಪ್ರೋಗ್ರಾಂ 3470ಟಿಯಲ್ಲಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಸಾಯುತ್ತದೆ. ಹಳೆಯದರ ಮೇಲೆ ಕಂಪೈಲ್ ಮಾಡಿದರೆ ನಾಲ್ಕರಲ್ಲೂ ಓಡುತ್ತದೆ.

ಇನ್‌ಸ್ಟಾಲ್ ಮಾಡುವಾಗ ಎಸ್‌ಎಸ್‌ಎಚ್ ಸರ್ವರ್ ಮತ್ತು ಸ್ಟಾಂಡರ್ಡ್ ಯುಟಿಲಿಟಿ ಎರಡಕ್ಕೇ ಟಿಕ್ ಹಾಕಿ, ಡೆಸ್ಕ್‌ಟಾಪ್ ಬೇಡ. ಒಂದನ್ನು ಸಿದ್ಧಮಾಡಿ ಡಿಸ್ಕ್ ಕ್ಲೋನ್ ಮಾಡುವುದು ಸುಲಭ. ಯೂಸರ್ ಐಡಿಗಳು ತಾವಾಗಿಯೇ ಒಂದಾಗಿರುತ್ತವೆ, ಎನ್‌ಎಫ್‌ಎಸ್‌ನಲ್ಲಿ ‘ಪರ್ಮಿಷನ್ ಡಿನೈಡ್’ ಕಾಟವಿಲ್ಲ. ಮಂಜ್ ಕೀ ಕೂಡ ಒಂದೇ ಇರುತ್ತದೆ, ಇರಲೂಬೇಕು. ಆದರೆ ಕೆಲವು ಪ್ರತಿ ಮೆಷೀನಿಗೂ ಬೇರೆಬೇರೆ ಇರಬೇಕು: ಮೆಷಿನ್ ಐಡಿ ಫೈಲನ್ನು ಖಾಲಿ ಮಾಡಿ, ಎಸ್‌ಎಸ್‌ಎಚ್ ಹೋಸ್ಟ್ ಕೀಗಳನ್ನು ಅಳಿಸಿ ಹೊಸದಾಗಿ ಹುಟ್ಟಿಸಿ.

ಆಮೇಲೆ ಹೋಸ್ಟ್ಸ್ ಫೈಲ್ (ಯಾವ ಹೆಸರಿಗೆ ಯಾವ ಐಪಿ ವಿಳಾಸ ಎಂಬ ಪಟ್ಟಿ) ತೆರೆಯಿರಿ. ಡೆಬಿಯನ್ ಇನ್‌ಸ್ಟಾಲರ್ ಮೆಷೀನಿನ ಹೆಸರನ್ನು 127.0.1.1ರ ಎದುರು ಬರೆದಿರುತ್ತದೆ. ಈ ವಿಳಾಸ ಆ ಮೆಷೀನಿನ ಒಳಗಷ್ಟೇ ಅರ್ಥವಾಗುವಂಥದ್ದು. ಪಕ್ಕದ ನೋಡ್ ಇದನ್ನು ನಂಬಿ ಕರೆ ಮಾಡಿದರೆ ತನ್ನನ್ನೇ ಕರೆದುಕೊಳ್ಳುತ್ತದೆ, ಎಂಪಿಐ ಸುಮ್ಮನೆ ನೇತಾಡುತ್ತದೆ. ಆ ಸಾಲು ಅಳಿಸಿ ನಾಲ್ಕು ನೋಡ್‌ಗಳ ನಿಜವಾದ ಐಪಿ, ಹೆಸರು ಬರೆಯಿರಿ.

ಸ್ಲರ್ಮ್ ಕಾನ್ಫಿಗ್‌ನಲ್ಲಿ ಮೆಮೊರಿ ಪೂರ್ತಿ 16384 (ಎಂಬಿ ಲೆಕ್ಕದಲ್ಲಿ 16 ಜಿಬಿ) ಎಂದು ಹಾಕಬೇಡಿ. ಗ್ರಾಫಿಕ್ಸ್‌ಗೂ ಕರ್ನಲ್‌ಗೂ ಹೋದದ್ದು ಕಳೆದು ಉಳಿಯುವುದು ಅದಕ್ಕಿಂತ ಕಡಿಮೆ, ನೋಡ್ ‘ಲೋ ರಿಯಲ್‌ಮೆಮೊರಿ’ ಎಂದು ಡ್ರೇನ್ ಆಗುತ್ತದೆ, ಅಂದರೆ ಹೊಸ ಕೆಲಸ ತೆಗೆದುಕೊಳ್ಳುವುದಿಲ್ಲ. ಪ್ರತಿ ನೋಡ್‌ನಲ್ಲೂ ಸ್ಲರ್ಮ್‌ಡಿಯನ್ನು (ನೋಡ್‌ನಲ್ಲಿ ಓಡುವ ಸ್ಲರ್ಮ್ ಪ್ರೋಗ್ರಾಂ) ದೊಡ್ಡ ಸಿ ಆಪ್ಷನ್ ಕೊಟ್ಟು, ಅಂದರೆ slurmd -C ಎಂದು, ಓಡಿಸಿ, ಬಂದ ಅಂಕಿಯಿಂದ 500 ಕಳೆದು ಬರೆಯಿರಿ.

ಇನ್ನು ಗಡಿಯಾರ. ಪುಣೆಯಲ್ಲಿ ರಿಪೇರಿಗೆಂದು ಕರೆಂಟ್ ತೆಗೆಯುವುದು ಹೆಚ್ಚಾಗಿ ಗುರುವಾರ, ಸಣ್ಣ ಯುಪಿಎಸ್ ಅಷ್ಟು ಹೊತ್ತು ತಡೆಯುವುದಿಲ್ಲ. ಹಳೇ ಬೋರ್ಡಿನಲ್ಲಿ ಗಡಿಯಾರ ನಡೆಸುವ ಸಿಆರ್2032 ಸೆಲ್ ಸತ್ತಿದ್ದರೆ ಕರೆಂಟ್ ಬಂದಾಗ ಆ ನೋಡ್‌ನ ಗಡಿಯಾರ ತುಂಬ ಹಿಂದೆ ಇರುತ್ತದೆ. ಮಂಜ್ ಕೊಡುವ ಗುರುತಿನ ಚೀಟಿಯ ಆಯುಷ್ಯ 5 ನಿಮಿಷ. ಆ ನೋಡ್ ಕಳಿಸಿದ್ದೆಲ್ಲ ಹೆಡ್ ನೋಡ್‌ನಲ್ಲಿ ‘ಎಕ್ಸ್‌ಪೈರ್ಡ್ ಕ್ರೆಡೆನ್ಷಿಯಲ್’ ಎಂದು ವಾಪಸ್. ಮೊದಲು ನಾಲ್ಕಕ್ಕೂ ಹೊಸ ಸೆಲ್ ಹಾಕಿ. ಮನೆಯ ರೂಟರ್ ತಡವಾಗಿ ಏಳುವುದರಿಂದ ಇಂಟರ್ನೆಟ್ ಸಮಯವನ್ನಷ್ಟೇ ನಂಬಬೇಡಿ. ಹೆಡ್ ನೋಡ್‌ನ ಕ್ರೋನಿಯಲ್ಲಿ (ಗಡಿಯಾರ ಹೊಂದಿಸುವ ಪ್ರೋಗ್ರಾಂ) ಇಂಟರ್ನೆಟ್ ಇಲ್ಲದಿದ್ದರೂ ತನ್ನ ಸಮಯವನ್ನೇ ಹಂಚುವಂತೆ ‘ಲೋಕಲ್ ಸ್ಟ್ರೇಟಂ 10’ ಕೊಟ್ಟು ಉಳಿದ ಮೂರನ್ನು ಅದಕ್ಕೇ ಕಟ್ಟಿಹಾಕಿ.

ಬಯಾಸ್‌ನಲ್ಲಿ ಕರೆಂಟ್ ಬಂದೊಡನೆ ಆನ್ ಆಗುವ ಸೆಟ್ಟಿಂಗ್, ಸ್ಲರ್ಮ್‌ನಲ್ಲಿ ‘ರಿಟರ್ನ್ ಟು ಸರ್ವೀಸ್’ 2 ಇರಲಿ. ಇಲ್ಲದಿದ್ದರೆ ತಾನಾಗಿ ರೀಬೂಟ್ ಆದ ನೋಡ್ ಡೌನ್ ಎಂದೇ ಉಳಿಯುತ್ತದೆ. ಒಮ್ಮೆ ಮೇನ್ ಸ್ವಿಚ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಹಾಕಿ, ಯಾವುದನ್ನೂ ಮುಟ್ಟದೆ ನೋಡ್‌ಗಳ ಸ್ಥಿತಿ ತೋರಿಸುವ ಎಸ್‌ಇನ್ಫೋ ಕಮಾಂಡ್ ಕೊಟ್ಟು ನೋಡಿ: ನಾಲ್ಕೂ ‘ಐಡಲ್’ (ಕೆಲಸಕ್ಕೆ ಸಿದ್ಧ) ಎಂದು ತೋರಿಸಬೇಕು.