ಹಾರ್ಡ್ ಡಿಸ್ಕಿನ ಹೆಡ್ ಅದುರಿದರೆ ಏನು ಮಾಡಬೇಕು?

ಒಂದೇ ಡಬ್ಬಿಗೆ ನಾಲ್ಕು ಹಾರ್ಡ್ ಡಿಸ್ಕ್ ಹಾಕಿದ ದಿನ ನನ್ನ ಕಾಪಿ ವೇಗ ಅರ್ಧಕ್ಕೆ ಇಳಿಯಿತು. ಡಿಸ್ಕ್ ಕೆಟ್ಟಿರಲಿಲ್ಲ, ಅದುರುತ್ತಿತ್ತು ಅಷ್ಟೆ. ಈಗಿನ ಡಿಸ್ಕಿನಲ್ಲಿ ಟ್ರ್ಯಾಕಿನಿಂದ (ಡೇಟಾ ಬರೆಯುವ ಸುತ್ತುಗೆರೆ) ಟ್ರ್ಯಾಕಿಗೆ 100 ನ್ಯಾನೋಮೀಟರೂ ಇರುವುದಿಲ್ಲ. ಓದಿ ಬರೆಯುವ ಹೆಡ್ ಚೂರು ಸರಿದರೆ ಬರೆಯುವುದು ನಿಲ್ಲುತ್ತದೆ, ಇನ್ನೊಂದು ಸುತ್ತು ಕಾಯಬೇಕು. 7200 ಆರ್‌ಪಿಎಂನಲ್ಲಿ ಅದು 8.3 ಮಿಲಿಸೆಕೆಂಡ್. ಜಾಸ್ತಿನೇ ಅಲ್ವಾ?

ಹಾಗಾಗಿ ಆರ್‌ವಿ ಸೆನ್ಸರ್ (ತಿರುಚುವ ಅದುರನ್ನು ಗುರುತಿಸುವ ಸೆನ್ಸರ್) ಇರುವ ಡಿಸ್ಕನ್ನೇ ಆರಿಸಿ. ಸಾಮಾನ್ಯವಾಗಿ ಡಿಸ್ಕಿನ ಸರ್ಕ್ಯೂಟ್ ಬೋರ್ಡಿನಲ್ಲಿ ದೂರ ದೂರ ಎರಡು ಸೆನ್ಸರ್ ಇರುತ್ತವೆ. ಎರಡೂ ಒಂದೇ ರೀತಿ ಅಲುಗಿದರೆ ಚಿಂತೆ ಕಡಿಮೆ, ಏಕೆಂದರೆ ಹೆಡ್ಡಿನ ತೋಳಿನ ತೂಕ ಎರಡೂ ಕಡೆ ಸಮ, ಅದು ಅಷ್ಟಾಗಿ ತಿರುಗುವುದಿಲ್ಲ. ಬೇರೆ ಬೇರೆ ಅಲುಗಿದರೆ ಡಿಸ್ಕ್ ತಿರುಚುತ್ತಿದೆ ಎಂದರ್ಥ. ಆಗ ಹೆಡ್ ಜಾರುವ ಮೊದಲೇ ತೋಳನ್ನು ತಿರುಗಿಸುವ ಕಾಯಿಲ್‌ಗೆ ಅದನ್ನು ತಡೆಯುವಷ್ಟು ಕರೆಂಟ್ ಹೋಗುತ್ತದೆ.

ಸ್ಕ್ರೂ ನಾಲ್ಕೂ ಬಿಗಿ ಮಾಡಿ. ಫ್ಯಾನಿಗೆ ರಬ್ಬರ್ ಕೊಡಿ. ಒಂದೊಂದು ಬದಲಾವಣೆಗೂ ಅದೇ ಫೈಲ್ ಕಾಪಿ ಮಾಡಿ ವೇಗ ಬರೆದಿಡಿ.